ಸುಗಲಾಬಾಯಿಯವರ ವೈಫೈ ಪಾಳಿ

ನನ್ನ ಅಂಗಡಿಗೆ ಬರುವ ಗಿರಾಕಿಗಳು ಎರಡು ನಮೂನೆ. ಏನೂ ಗೊತ್ತಿಲ್ಲದೆ ಬಂದು ನಾನು ಕೊಟ್ಟಿದ್ದನ್ನು ಒಯ್ಯುವವರು ಒಂದು. ಎಲ್ಲ ಗೊತ್ತಿದ್ದವರಂತೆ ಬಂದು, ತಾಸುಗಟ್ಟಲೆ ನನ್ನ ತಲೆ ತಿಂದು, ಕಡೆಗೆ ನಾನು ಕೊಟ್ಟಿದ್ದನ್ನೇ ಒಯ್ಯುವವರು ಇನ್ನೊಂದು. ಪೆದ್ದೆಮುಲ್ ಸುಗಲಾಬಾಯಿ ಎರಡರಲ್ಲೂ ಸೇರಲಿಲ್ಲ. ಅವರು ಬಂದರು, ಕೌಂಟರಿನ ಮುಂದಿನ ಸ್ಟೂಲು ಎಳೆದುಕೊಂಡು ಕೂತರು, ಸೆರಗಿನಿಂದ ಮುಖ ಒರೆಸಿಕೊಂಡರು, ಆಮೇಲೆ ಕೇಳಿದರು:

"ತಮ್ಮಾ, ಕಲ್ಲಿನ ಗ್ವಾಡಿ ದಾಟಿ ಅಡಗಿಮನಿ ತನಕ ಬರೋ ಇಂಟರ್‌ನೆಟ್ ನಿನ್ ಹತ್ರ ಅದ ಏನು?"

ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ನಾನು ಕಂಪ್ಯೂಟರ್ ಅಂಗಡಿ ಇಟ್ಟಾಗಿನಿಂದ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬಂದವರೆಲ್ಲ ಎಷ್ಟು ಸ್ಪೀಡು, ಎಷ್ಟು ಆಂಟೆನಾ ಅನ್ನುತ್ತಿದ್ದರೇ ಹೊರತು ಗೋಡೆಯ ಮಾತು ಎತ್ತಿರಲಿಲ್ಲ. ನಮ್ಮೂರಿನಲ್ಲಾದರೆ ಗೋಡೆಯೇ ದೊಡ್ಡ ಸಂಗತಿ. ಊರ ಸುತ್ತ ಕಲ್ಲಿನ ಗಣಿಗಳು. ಹಳೆಯ ಮನೆಗಳಲ್ಲಿ ನೆಲಕ್ಕೆ ಬಂಡೆ, ಗೋಡೆಗೆ ಬಂಡೆ, ಮೇಲ್ಮಾಳಿಗೆಗೆ ಬಂಡೆ, ಡಬ್ಬಿ ಇಡುವ ಹಲಗೆ ಸಹ ಬಂಡೆಯದೇ. ವೈಫೈ ಅನ್ನುವುದು ಒಂದು ಗೋಡೆ ದಾಟುವಷ್ಟರಲ್ಲಿ ಅರ್ಧ ಸೊರಗುತ್ತದೆ, ಎರಡನೆಯ ಗೋಡೆಗೆ ಬಂದರೆ ಅಲ್ಲೇ ಕೂತುಬಿಡುತ್ತದೆ.

"ಬರ್ತದ್ರೀ ಅವ್ವಾರ. ಡಬ್ಬಿ ಎಲ್ಲಿ ಇಡ್ತೀವಿ ಅನ್ನೋದರ ಮ್ಯಾಲ ಅದ. ಅಡಗಿಮನ್ಯಾಗ ಇಂಟರ್‌ನೆಟ್ ಎದಕ್ಕ ಬೇಕಾಗ್ಯಾದ?" ಎಂದೆ.

"ಹೊಲಕ್ಕ ನೀರ ಹಾಕಾಕ."

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಸರಿಮಾಡಿಕೊಂಡು, ನನ್ನ ನಗೆ ಮುಗಿಯುವ ತನಕ ಕಾದರು.

ಅದು ಸಕಲ ಜನರ ಸಮ್ಮೆ, ಅಂದರೆ ಮುಷ್ಕರ, ನಡೆದ ವರ್ಷ. ಪ್ರತ್ಯೇಕ ತೆಲಂಗಾಣ ಬೇಕೆಂದು ಕಚೇರಿ, ಶಾಲೆ ಎಲ್ಲ ಮುಚ್ಚಿದ್ದವು. ಬಸ್ಸು ಡಿಪೋ ಬಿಟ್ಟು ಹೊರಡುತ್ತಿರಲಿಲ್ಲ. ಕಲ್ಲಿದ್ದಲು ಗಣಿಯವರೂ ಕೆಲಸ ನಿಲ್ಲಿಸಿದ್ದರಿಂದ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸುಗಲಾಬಾಯಿಯವರ ಸೊಸೆ ಭುವನೇಶ್ವರಿ ಸರಕಾರಿ ಶಾಲೆಯ ಟೀಚರು; ಬೆಳಿಗ್ಗೆ ಧರಣಿಯ ಟೆಂಟಿನಲ್ಲಿ ಕೂತು ಬಂದು, ಉಳಿದ ಹೊತ್ತು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಆಗ ಊರನ್ನೆಲ್ಲ ಹಿಡಿದಿದ್ದ ಹೊಲದ ಆಟ ಅವಳನ್ನೂ ಹಿಡಿದಿತ್ತು. ಪರದೆಯ ಮೇಲೆ ಒಂದು ಹೊಲ ಇರುತ್ತದೆ. ಬಿತ್ತಬೇಕು, ದಿನಾ ನೀರು ಹಾಕಬೇಕು, ದಿನ ತಪ್ಪಿದರೆ ಬೆಳೆ ಒಣಗುತ್ತದೆ. ನಿಮ್ಮ ಹೊಲಕ್ಕೆ ನೀರು ಬೇಕಾದರೆ ಎತ್ತಿನ ಗಾಡಿಯ ಚಿತ್ರ ಒತ್ತಬೇಕು, ಗಾಡಿ ಪೀಪಾಯಿ ಹೊತ್ತು ಬರುತ್ತದೆ. ನೆರೆಯವರ ಹೊಲಕ್ಕಾದರೆ ಗಾಡಿ ಇಲ್ಲ, ಒಂದು ಕೊಡ ಇರುತ್ತದೆ. ಅದರಿಂದ ಹಾಕಿ ಬರಬಹುದು. ಆಟ ಅಂದರೆ ಇಷ್ಟೇ.

ಸುಗಲಾಬಾಯಿ ಪೆದ್ದೆಮುಲ್ಲಿನಲ್ಲಿ ಹುಟ್ಟಾ ಒಕ್ಕಲುತನ ಮಾಡಿದವರು. ಗಂಡ ತೀರಿಕೊಂಡ ಮೇಲೆ, ಮಗ ಸಂಗು ಸಿಮೆಂಟ್ ಫ್ಯಾಕ್ಟರಿ ಸೇರಿದ ಮೇಲೆ, ಹೊಲ ಪಾಲಿಗೆ ಕೊಟ್ಟು ತಾಂಡೂರಿಗೆ ಬಂದಿದ್ದರು. ಸೊಸೆಯ ಆಟವನ್ನು ಎರಡು ದಿನ ಹಿಂದೆ ನಿಂತು ನೋಡಿದರು. ಮೂರನೆಯ ದಿನ "ಇಷ್ಟು ಒತ್ತಾಗಿ ಯಾರ್ ಬಿತ್ತತಾರ ಭುವನಾ, ಸರಿ ಅತ್ತಾಗ" ಎಂದು ತಾವೇ ಕೂತರು. ಒಂದೇ ಬೆಳೆ ಹಾಕಿದ್ದ ಹೊಲದಲ್ಲಿ ನಡುನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಹೊಡೆದರು. ತೊಗರಿ ಬೀಜ ಇಲ್ಲದ ಆಟ ಎಂಥ ಆಟ ಎಂದು ಬೈದರು, ಬೈದುಕೊಂಡೇ ಆಡಿದರು. ಅಲ್ಲಿಂದ ಮುಂದೆ ಹೊಲ ಅವರದೇ ಆಯಿತು.

ಒಂದು ದಿನ ಪಕ್ಕದ ಹೊಲ ಕಣ್ಣಿಗೆ ಬಿತ್ತು. ಎಲ್ಲ ಒಣಗಿ ಕಂದಾಗಿತ್ತು.

"ಇದು ಯಾರ ಹೊಲ? ನೋಡಾಕಾಗವಲ್ದು."

"ನಾರಾಯಣಖೇಡ್ ದೀಪ್ತಿದು ಅತ್ತಿ," ಎಂದಳು ಭುವನೇಶ್ವರಿ. ಆಮೇಲೆ ದನಿ ತಗ್ಗಿಸಿ, "ಈಗ ಆಕಿ ಆಡಲ್ಲ. ಬಾಳಮ್ಮ ಸಣ್ಣತ್ತಿನೇ ನೋಡ್ಕೋತಾರಂತ. ಅಲ್ಲಿ ಕರೆಂಟ್ ನಮಗಿಂತ ಕಡಿಮಿ" ಎಂದಳು.

ಬಾಳಮ್ಮ ಸುಗಲಾಬಾಯಿಯವರ ಸ್ವಂತ ತಂಗಿ, ಈಗ ನಾರಾಯಣಖೇಡದಲ್ಲಿ ಮಗಳ ಮನೆಯಲ್ಲಿದ್ದರು. ಅಕ್ಕತಂಗಿ ಇಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮದುವೆ ಮನೆಯಲ್ಲಿ ಎದುರಾದರೆ ಒಬ್ಬರು ಊಟಕ್ಕೆ ಕೂತ ಪಂಕ್ತಿಯಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ಇದು ನನ್ನ ತಾಯಿ ಜಾನಕಿಬಾಯಿಯಿಂದ ನನಗೂ ಗೊತ್ತಿತ್ತು. ಹೊಸ ಸಂಗತಿ ಏನೆಂದರೆ ಕಿರಿಯರು ಹಿರಿಯರ ಬೆನ್ನ ಹಿಂದೆ ನೆಂಟಸ್ತಿಕೆ ಕಾಯ್ದುಕೊಂಡು ಬಂದಿದ್ದರು, ಬಾಳಮ್ಮನ ಮೊಮ್ಮಗಳು ದೀಪ್ತಿ ಮತ್ತು ಭುವನೇಶ್ವರಿ ಆಟದಲ್ಲಿ ನೆರೆಹೊಲದವರಾಗಿದ್ದರು.

"ಆ ಹೊಲಕ್ಕ ನೀರ ಹಾಕಬೇಕು ನಾ," ಎಂದರು ಸುಗಲಾಬಾಯಿ ನನ್ನ ಅಂಗಡಿಯಲ್ಲಿ ಕೂತು. "ಆಕಿ ನನ್ನ ಸಂಗಟ ಮಾತಾಡಲ್ಲ. ಮಾತಾಡ್ಲಿ ಅಂತ ಭಾಳ ಆಸಿ ಅದ ತಮ್ಮಾ, ಸಾಯೋದ್ರಾಗ ಒಮ್ಮಿ. ಹ್ಯಾಂಗ ಮಾತಾಡಿಸ್ಬೇಕು ಅಂತ ತಿಳಿವಲ್ದು. ನೀರಾದ್ರೂ ಹಾಕ್ತೀನಿ. ಖರೇ ಅಂದ್ರ ನಮ್ ಮನ್ಯಾಗ ವೈರ್ ಇರೋದು ಮುಂದಿನ ಕ್ವಾಣ್ಯಾಗ. ಅಲ್ಲಿ ಸಂಗ್ಯಾ ಕೂಡ್ತಾನ. ನನಗ ಅಡಗಿಮನಿ ಬಿಟ್ಟು ಕೂಡಾಕ ಆಗಲ್ಲ."

ನನ್ನ ನಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನನ್ನದು ಬಲು ಬೇಗ ಸಿಡುಕುವ ಸ್ವಭಾವ, ಗಿರಾಕಿಗಳ ಮನೆಕಥೆ ಕೇಳುವ ತಾಳ್ಮೆ ನನಗಿಲ್ಲ. ಆದರೂ ಆವತ್ತು ಚಹಾ ತರಿಸಿದೆ.

ಮರುದಿನ ಸಂಗು ಬಂದ. ಇಂಟರ್‌ನೆಟ್ಟಿನಲ್ಲಿ ಏನೇನೋ ಓದಿಕೊಂಡು ಬಂದಿದ್ದ.

"ನಂದಕಿಶೋರ್ ಭಾಯ್, ಗೇಮಿಂಗ್ ರೂಟರ್ ಕೊಡ್ರಿ. ಮೂರು ಆಂಟೆನಾದ್ದು."

"ಯಾವ ಗೇಮಿಗಿ?"

"ಅವ್ವನ ಹೊಲಕ್ಕ." ಅವನಿಗೇ ಸ್ವಲ್ಪ ನಾಚಿಕೆಯಾಯಿತು. "ಮತ್ತ ನಾ ಕ್ರಿಕೆಟ್ ಲೈವ್ ನೋಡ್ತೀನಿ. ಸಮ್ಮಿ ಸಭಾನೂ ಈಗ ಲೈವ್ ಬರ್ತಾವ."

"ಸಂಗು, ನಿಮ್ಮ ಟೆಲಿಫೋನ್ ತಂತ್ಯಾಗ ಬರೋದೇ ಇಷ್ಟು. ಮೂರಲ್ಲ, ಮೂವತ್ತು ಆಂಟೆನಾ ಹಚ್ಚಿದ್ರೂ ತಂತಿ ಹೆಚ್ಚಿಗಿ ಕೊಡಲ್ಲ. ಆಟಕ್ಕ ಸ್ವಲ್ಪೇ ಸಾಕು, ಆದ್ರ ನಡುವ ನಿಲ್ಲಬಾರದು. ನಿನ್ನ ಕ್ರಿಕೆಟಿಗಿ ಭಾಳ ಬೇಕು, ಅದು ಜರಾ ತಡಾ ಆದ್ರೂ ನಡೀತದ. ನಿಮಗ ಬೇಕಾದ್ದು ಛಲೋ ಜಾಗಾ, ಮತ್ತ ಹಂಚಿಕಿ."

ಹೀಗೆ ಅವನ ತಲೆಯಿಂದ ಮೂರು ಆಂಟೆನಾ ಇಳಿಸಿ, ಎರಡು ಆಂಟೆನಾದ ಒಂದು ರೂಟರ್ ಕೊಟ್ಟೆ. ಟೆಲಿಫೋನ್ ತಂತಿ ನೇರವಾಗಿ ಅದಕ್ಕೇ ಚುಚ್ಚಬಹುದಿತ್ತು, ಬೇರೆ ಮೋಡೆಮ್ ಬೇಡ. ಯಾವ ಕಂಪ್ಯೂಟರಿಗೆ ಎಷ್ಟು ಎಂದು ಹಂಚಿಕೊಡುವ ಸೌಲಭ್ಯವೂ ಅದರಲ್ಲಿತ್ತು. ಮನೆಗೆ ಹೋಗಿ ನೋಡಿದರೆ ನಾನು ಅಂದುಕೊಂಡ ಹಾಗೇ ಇತ್ತು: ಮುಂದೆ ಕೋಣೆ, ನಡುವೆ ಪಡಸಾಲೆ, ಹಿಂದೆ ಅಡುಗೆಮನೆ, ಪಡಸಾಲೆಯ ಬದಿಗೆ ದೇವರ ಕೋಣೆ. ಗೋಡೆಗಳು ಮೊಣಕೈ ಉದ್ದ ದಪ್ಪ. ನಾನು ಟೆಲಿಫೋನ್ ತಂತಿಯನ್ನು ಪಡಸಾಲೆಗೆ ಎಳೆದು, ಮುಂದಿನ ಬಾಗಿಲೂ ಅಡುಗೆಮನೆಯ ಬಾಗಿಲೂ ಎರಡೂ ಕಾಣುವ ಕಡೆ, ಎತ್ತರಕ್ಕೆ ಮೊಳೆ ಹೊಡೆದು ರೂಟರ್ ತೂಗುಹಾಕಿದೆ. ಬಾಗಿಲು ಇದ್ದ ಕಡೆ ಕಲ್ಲಿಲ್ಲವಲ್ಲ, ಸಿಗ್ನಲ್ ಅಲ್ಲಿಂದ ನುಗ್ಗಿ ಹೋಗುತ್ತದೆ. ಕರೆಂಟು ಹೋದಾಗಲೂ ಕೆಲ ಹೊತ್ತು ನಡೆಯಲಿ ಎಂದು ಇನ್ವರ್ಟರಿಗೆ ಸೇರಿಸಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದರೆ ಸಿಗ್ನಲ್ ತುಂಬಿ ತುಳುಕುತ್ತಿತ್ತು. ಸುಗಲಾಬಾಯಿ ರೊಟ್ಟಿ ತಟ್ಟುತ್ತಿದ್ದ ಕೈ ಒರೆಸಿಕೊಂಡು ಬಂದು, ಮೊದಲು ನಾರಾಯಣಖೇಡದ ಹೊಲ ತೆರೆದು ಕೊಡ ಒತ್ತಿದರು. ಕಂದು ಗಿಡ ಒಂದೊಂದೇ ಹಸಿರಾಯಿತು. ಅವರ ಮುಖ ನೋಡಿ ನನ್ನ ಕೆಲಸದ ಮೇಲೆ ನನಗೇ ಅಭಿಮಾನ ಬಂತು.

ಆ ಅಭಿಮಾನ ಮರುದಿನದವರೆಗೆ ಉಳಿಯಲಿಲ್ಲ. ಭುವನೇಶ್ವರಿ ಫೋನ್ ಮಾಡಿ, ಅಡುಗೆಮನೆಯಲ್ಲಿ ಸಿಗ್ನಲ್ಲೇ ಇಲ್ಲ ಎಂದಳು. ಹೋಗಿ ನೋಡಿದರೆ ಪಡಸಾಲೆಯ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ತಂತಿಯ ಜಾಡು ಹಿಡಿದು ಹೋದೆ. ಅದು ದೇವರ ಕೋಣೆಗೆ ಹೋಗಿ, ಗೋಡೆಯಲ್ಲಿ ಕೊರೆದ ಕಲ್ಲಿನ ಗೂಡಿನೊಳಗೆ ನುಗ್ಗಿತ್ತು. ಗೂಡಿಗೆ ತಗಡಿನ ಬಾಗಿಲು, ಅದೂ ಮುಚ್ಚಿತ್ತು. ಒಳಗೆ ದೇವರ ಬದಿಗೆ ನನ್ನ ರೂಟರ್ ಕೂತಿತ್ತು. ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ, ಎರಡೂ ಆಂಟೆನಾಕ್ಕೆ ಚೆಂಡುಹೂ. ವಿಭೂತಿ ಗಾಳಿ ಆಡುವ ಸಂದಿಗಳಲ್ಲೆಲ್ಲ ತುಂಬಿಕೊಂಡಿತ್ತು.

"ಅವ್ವಾರ! ಏನ್ ಮಾಡೀರಿ ಇದು?"

"ಯಾಕ, ಏನಾತು? ಮನಿಗಿ ಹೊಸಾದು ಬಂದ್ರ ದೇವರ ಮುಂದ ಕೂಡಬೇಕು. ನಮ್ ಬಿತ್ತಿಗಿ ಬೀಜಾನೂ ಇಲ್ಲೇ ಕೂಡ್ತಿತ್ತು. ಇಲ್ಲಿ ಕೂಡದೆ ಹೊಲಕ್ಕ ಹೋದ ಬೀಜ ಇಲ್ಲ ನಮ್ಮಲ್ಲಿ."

"ಇದು ಬೀಜ ಅಲ್ರೀ. ಸುತ್ತ ಕಲ್ಲು, ಮುಂದ ತಗಡು, ಇದು ಉಸಿರು ಹ್ಯಾಂಗ ಬಿಡಬೇಕು? ಇದಕ್ಕಿಂತ ಬಾವ್ಯಾಗ ಒಗದಿದ್ರ ಛಲೋ ಇತ್ತು!"

ನನ್ನ ದನಿ ಏರಿತ್ತು. ಅವರದು ನನಗಿಂತ ದೊಡ್ಡದು. ಒಂದು ಬದುವಿನಿಂದ ಇನ್ನೊಂದು ಬದುವಿಗೆ ಕೂಗಿ ಅಭ್ಯಾಸವಾದ ದನಿ ಅದು, ಬೀದಿಯವರೆಲ್ಲ ಕೇಳುವಂತೆ "ಒದರಬ್ಯಾಡ! ದೇವರ ಕ್ವಾಣಿ ಇದು!" ಎಂದು ಒದರಿದರು. ನಾನು ಬಾಯಿ ಮುಚ್ಚಿಕೊಂಡು, ಬ್ರಶ್ಶು ಹಿಡಿದು ವಿಭೂತಿ ಕೊಡವುತ್ತ ಕೂತೆ. ಕಡೆಗೆ ಅವರೇ ಸೋತು, ಒಂದು ದಿನ ಕೂತಿತಲ್ಲ ಅಷ್ಟು ಸಾಕು ಎಂದು ಅದನ್ನು ಮತ್ತೆ ಮೊಳೆಗೆ ಹಾಕಲು ಒಪ್ಪಿದರು. ಚೆಂಡುಹೂವನ್ನು ಮಾತ್ರ ತೆಗೆಯಗೊಡಲಿಲ್ಲ. ಹೂವಿನಿಂದ ಸಿಗ್ನಲ್ಲಿಗೆ ಏನೂ ಆಗುವುದಿಲ್ಲ, ನಾನೂ ಬಿಟ್ಟೆ.

ಅದಾದ ಮೇಲೆ ಜಗಳ ಶುರುವಾದದ್ದು ತಾಯಿ ಮಗನ ನಡುವೆ. ಸಂಗು ಡ್ಯೂಟಿಯಿಂದ ಬಂದು ಲೈವ್ ಹಚ್ಚಿದರೆ ಅಡುಗೆಮನೆಯ ಹೊಲ ನಿಂತುಬಿಡುತ್ತಿತ್ತು. ಕೊಡ ಒತ್ತಿದರೆ ಕೊಡ ಏಳುತ್ತಿರಲಿಲ್ಲ. ಸುಗಲಾಬಾಯಿ ಒಳಗಿನಿಂದ "ಸಂಗ್ಯಾ, ಬಂದ್ ಮಾಡು!" ಎಂದು ಕೂಗಿದರೆ ಅವನು ಹೊರಗಿನಿಂದ "ಎರಡೇ ಓವರ್ ಅದ ಅವ್ವಾ!" ಅನ್ನುತ್ತಿದ್ದ. ನನಗೆ ಮತ್ತೆ ಬುಲಾವು ಬಂತು.

ಹಂಚಿಕೆಯ ಸೌಲಭ್ಯ ಇದ್ದ ರೂಟರ್ ಕೊಟ್ಟದ್ದು ಇದಕ್ಕೇ. ಪಡಸಾಲೆಯಲ್ಲಿ ಕೂತು, ರೂಟರಿನ ಪುಟ ತೆರೆದು, ಲ್ಯಾಪ್‌ಟಾಪಿಗೆ ಮೊದಲ ಹಕ್ಕು ಕೊಟ್ಟೆ. ಸಂಗುವಿನ ಕಂಪ್ಯೂಟರಿಗೆ ಉಳಿದದ್ದು. ಆಟ ನಿಂತಾಗ ಎಲ್ಲ ಅವನಿಗೇ. ಸುಗಲಾಬಾಯಿ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಏನು ಮಾಡುತ್ತಿದ್ದೇನೆ ಎಂದು ಹೇಳಿದೆ.

"ಅಂದ್ರ ಪಾಳಿ ಹಚ್ಚಾಕತ್ತಿ," ಎಂದರು.

"ಹೌದ್ರಿ, ಪಾಳಿನೇ."

"ಒಬ್ಬರ ಪಾಳಿ ಇನ್ನೊಬ್ಬರು ಹೊಡಕೋಳಾಕ ಬರಲ್ಲೇನು ಇದ್ರಾಗ?"

"ಬರಲ್ರಿ."

ಅವರು ರೂಟರಿನ ಕಡೆ ನೋಡುತ್ತ ಹೇಳಿದರು. "ನಮ್ಮ ಬಾವಿಗಿ ಇಂಥಾದು ಇದ್ದಿದ್ರ ಬೇಷಿತ್ತು. ಬಾವಿ ಒಂದು, ಹೊಲ ಎರಡು. ಒಂದಿನ ನಂದು, ಒಂದಿನ ಬಾಳಮ್ಮಂದು. ಒಂದ್ ಬ್ಯಾಸಿಗ್ಯಾಗ ಆಕಿ ಮಗಳ ಬಾಣಂತನಕ್ಕ ನಾರಾಯಣಖೇಡಕ್ಕ ಹೋಗಿದ್ಳು. ನೀರ ನೋಡ್ಕೋ ಅಕ್ಕಾ ಅಂತ ಹೇಳೇ ಹೋಗಿದ್ಳು. ನನ್ ಉಳ್ಳಾಗಡ್ಡಿ ಗಡ್ಡಿ ಕಟ್ಟೋ ಹೊತ್ತು. ಆಕಿ ಇಲ್ಲಲಾ ಅಂತ ಆಕಿ ಪಾಳಿನೂ ನಾನೇ ಹೊಡಕೊಂಡೆ. ಇವತ್ತೊಂದಿನ ಅಂತಿದ್ದೆ, ಮತ್ತ ನಾಳಿನೂ ಹಂಗೇ ಅಂತಿದ್ದೆ. ಆಕಿ ಬಂದು ನೋಡಿದ್ರ ಮೆಣಸಿನಗಿಡ ಸುಟ್ಟು ನಿಂತಿದ್ವು."

"ಬೈದರೇನು?"

"ಬೈದಿದ್ರ ಮುಗೀತಿತ್ತು. ಬಾವಿ ಕಟ್ಟಿ ಮ್ಯಾಲ ನಿಂತು, 'ಅಕ್ಕಾ, ನನ್ನ ಪಾಳಿ ಬಂದಾಗ ಹೇಳಿಕಳಸು' ಅಂದ್ಳು. ಅಷ್ಟೇ. ಮುಂದ ಮಾತಿಲ್ಲ. ಸುಟ್ಟ ಗಿಡಕ್ಕ ಪಾಳಿ ಬಂದದ ಅಂತ ಯಾವ ಬಾಯಿಲೆ ಹೇಳಿಕಳಿಸ್ಲಿ ತಮ್ಮಾ?"

ತಪ್ಪು ಪೂರ್ತಿ ಅವರದೇ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ಆದರೂ ಆ ಹೆಣ್ಣುಮಗಳ ಮೇಲೆ ನನಗೆ ಆವತ್ತಿನಿಂದ ಪ್ರೀತಿ ಹೆಚ್ಚಾಯಿತು, ಯಾಕೆಂದು ಕೇಳಬೇಡಿ.

ಅಲ್ಲಿಂದ ಮುಂದೆ ಅವರ ದಿನಚರಿ ನೋಡುವ ಹಾಗಿತ್ತು. ಕರೆಂಟು ಬಂದ ಕೂಡಲೇ ಒಲೆಯ ಮೇಲೆ ಏನೇ ಇರಲಿ, ಮೊದಲು ತಂಗಿಯ ಹೊಲ. ಕೊಡದಿಂದ ಗಿಡ ಗಿಡಕ್ಕೂ ಹಾಕಿ ಮುಗಿಸಬೇಕು. ಅಷ್ಟರಲ್ಲಿ ಎಷ್ಟೋ ಸಲ ಕರೆಂಟು ಹೋದದ್ದೇ, ಹಿಂದೆಯೇ ಇನ್ವರ್ಟರೂ ಕೈಕೊಟ್ಟದ್ದೇ. ತಮ್ಮ ಹೊಲ ಒಣಗುತ್ತಿತ್ತು. ಭುವನೇಶ್ವರಿ "ಅತ್ತಿ, ನಮ್ದರ ಮೊದಲ ಹಾಕ್ರಿ, ಗಾಡಿ ಒಂದ್ ಸಲ ಒತ್ತಿದ್ರ ಮುಗೀತದ" ಎಂದು ಗೋಗರೆದಳು. ಕೇಳಲಿಲ್ಲ. ಇದರ ಮೇಲೆ ಸೋಮವಾರದ ನೇಮ ಬೇರೆ. ಅವರ ಮನೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ, ಎತ್ತಿನ ಹೆಗಲಿಗೆ ಬಿಡುವು. ಸುಗಲಾಬಾಯಿ ಆಟದ ಎತ್ತಿಗೂ ಬಿಡುವು ಕೊಟ್ಟರು. ಗಾಡಿ ಒತ್ತುವ ಮಾತೇ ಇಲ್ಲ.

"ಅವ್ವಾ, ಅದು ಚಿತ್ರದ ಎತ್ತು!" ಎಂದ ಸಂಗು.

"ನೊಗ ಅದ ಇಲ್ಲೋ ಕೊಳ್ಳಾಗ?" ಎಂದರು ಇವರು.

ಕೊಡಕ್ಕೆ ಎತ್ತು ಬೇಡವಾದ್ದರಿಂದ ತಂಗಿಯ ಹೊಲಕ್ಕೆ ಸೋಮವಾರವೂ ನೀರು ಹೋಗುತ್ತಿತ್ತು. ಆದರೆ ಬಾಳಮ್ಮನಿಗೆ ಕಾಣುತ್ತಿದ್ದದ್ದು ಭುವನೇಶ್ವರಿಯ ಹೆಸರು ಮಾತ್ರ. ನೀರು ಹಾಕುವವರು ತಾವೆಂದು ಹೇಳಕೂಡದು ಎಂದು ಸುಗಲಾಬಾಯಿ ಸೊಸೆಯ ಕೈಯಿಂದ ಆಣೆ ಮಾಡಿಸಿಕೊಂಡಿದ್ದರು. ಗೊತ್ತಾದರೆ ತಂಗಿ ನೀರೂ ಬೇಡ ಅಂದಾಳು ಅನ್ನುವ ಹೆದರಿಕೆ.

ಸಮ್ಮೆ ಇನ್ನೂ ನಡೆದಿತ್ತು. ಒಂದು ಮಂಗಳವಾರ ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವಷ್ಟರಲ್ಲಿ ಸುಗಲಾಬಾಯಿಯವರೇ ಫೋನ್ ಮಾಡಿದರು.

"ನಂದಕಿಶೋರ, ಡಬ್ಬಿ ಕೆಟ್ಟದ. ಜಲ್ದಿ ಬಾ."

"ಏನಾಗ್ಯಾದ್ರಿ?"

"ನಿನ್ನಿ ಸೋಮವಾರ. ನಾ ಗಾಡಿ ಹೂಡಿಲ್ಲ. ನನ್ನ ಹೊಲ ಒಣಗಬೇಕಾಗಿತ್ತು. ಒಣಗಿಲ್ಲ!"

ರೂಟರ್ ಮಾರಿದವನಿಗೆ ಬೆಳೆ ಹಸಿರಾಗಿದೆ ಎಂದು ತಕರಾರು ಬಂದದ್ದು ನಾನು ಕೇಳಿದಂತೆ ಇದೇ ಮೊದಲು. ಬೈದುಕೊಳ್ಳುತ್ತಲೇ ಹೋದೆ. ಭುವನೇಶ್ವರಿ ಧರಣಿಗೆ ಹೋಗಿದ್ದಳು, ಪರದೆಯ ಮೇಲಿನ ಅಕ್ಷರ ಓದುವವರು ಯಾರೂ ಇರಲಿಲ್ಲ. ನಾನು ಓದಿದೆ. ದೀಪ್ತಿಯ ಹೆಸರಿನ ನೆರೆಹೊಲದವರು ನಿಮ್ಮ ಬೆಳೆಗೆ ನೀರು ಹಾಕಿದ್ದಾರೆ ಎಂದು ಅಲ್ಲಿ ಬರೆದಿತ್ತು.

"ಇನ್ನೊಮ್ಮಿ ಓದು," ಎಂದರು. ಓದಿದೆ.

ಸುಗಲಾಬಾಯಿ ಆ ಕೂಡಲೇ ತಂಗಿಯ ಹೊಲ ತೆರೆದು ಕೊಡ ಒತ್ತಿದರು. ಸಂಜೆಗೆ ದೀಪ್ತಿಯ ಫೋನ್ ಬಂತೆಂದು ಆಮೇಲೆ ಭುವನೇಶ್ವರಿ ಹೇಳಿದಳು. "ಭುವನಾ ಅತ್ತಿ, ಅಜ್ಜಿ ಕೇಳಾಕತ್ತಾಳ, ನಿಮ್ಮ ಹೊಲ ಯಾರ್ ನೋಡ್ತಾರ ಅಂತ" ಎಂದಳಂತೆ ದೀಪ್ತಿ. ಇವಳು ಆಣೆಗೆ ಕಟ್ಟುಬಿದ್ದು ತಡವರಿಸುವಾಗ ಹಿಂದಿನಿಂದ ಬಾಳಮ್ಮನ ದನಿ ಕೇಳಿತಂತೆ: "ಎದಕ್ಕ ಕೇಳ್ತಿ ಬಿಡು. ಅಕ್ಕಡಿ ಸಾಲ ನೋಡಿದಾಗೇ ಸಂಶೇ ಬಂದಿತ್ತು. ಆಟದಾಗೂ ಸೋಮವಾರ ಎತ್ತು ಬಿಡಾಕಿ ಇನ್ಯಾರದಾರ?"

ಅಷ್ಟು ಹೇಳಿ ಫೋನಿಗೆ ಬರಲಿಲ್ಲ. ಮುಂದಿನ ಸೋಮವಾರವೂ ನೀರು ಬಂತು, ಅದರ ಮುಂದಿನದೂ ಬಂತು. ಮಾತು ಮಾತ್ರ ಬರಲಿಲ್ಲ. ಮೊದಲು ಹಿಗ್ಗಿದ್ದ ಸುಗಲಾಬಾಯಿ ಬರಬರುತ್ತ ಸಪ್ಪಗಾದರು. "ನೀರಿಗಿ ನೀರು ತಿರುಗಿಸಿ ಕೊಡಾಕತ್ತಾಳ. ನನ್ನ ಋಣ ಬ್ಯಾಡ ಆಕಿಗಿ" ಎಂದು ನನ್ನ ತಾಯಿಯ ಮುಂದೆ ಅತ್ತರಂತೆ.

ಸಮ್ಮೆ ಮುಗಿದು ಬಸ್ಸು ಶುರುವಾದ ವಾರದಲ್ಲಿ ದೀಪ್ತಿ ನನ್ನ ಅಂಗಡಿಗೇ ಫೋನ್ ಮಾಡಿದಳು. ಅವರ ಮನೆಗೂ ರೂಟರ್ ಬೇಕು, ಅಜ್ಜಿ ತಾಂಡೂರಿನ ಆ ಮನುಷ್ಯನೇ ಬರಲಿ ಅನ್ನುತ್ತಾಳೆ ಎಂದಳು. ಸುದ್ದಿ ಹೇಗೋ ಸುಗಲಾಬಾಯಿಗೆ ಮುಟ್ಟಿತು. ನಾನು ಹೊರಡುವ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೇ ಬಂದರು. ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಎತ್ತರಕ್ಕ ಹಚ್ಚು ತಮ್ಮಾ. ದೇವರ ಗೂಡಿನಾಗ ಇಡಬ್ಯಾಡ ಅಂತ ಹೇಳು ಆಕಿಗಿ. ಇಟ್ಟೇ ಇಡ್ತಾಳ, ನನಗ ಗೊತ್ತದ."

ನಾರಾಯಣಖೇಡದ ಆ ಮನೆ ಮಣ್ಣಿನ ಗೋಡೆಯದು, ನಮ್ಮ ಕಲ್ಲಿಗಿಂತ ಎಷ್ಟೋ ವಾಸಿ. ರೂಟರ್ ಹಚ್ಚುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಾಳಮ್ಮ. ಅಕ್ಕನಷ್ಟು ಎತ್ತರ ಇಲ್ಲ, ಅಕ್ಕನಷ್ಟು ದನಿಯೂ ಇಲ್ಲ, ಆದರೆ ಕಣ್ಣು ನೆಟ್ಟರೆ ತೆಗೆಯುವುದಿಲ್ಲ. ನಾನು ಏಣಿ ಇಳಿಯುವ ತನಕ ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದವರು, ಇಳಿದ ಕೂಡಲೇ ಕೇಳಿದರು.

"ಅಕ್ಕನ ಮನ್ಯಾಗ ನೀನೇ ಏನು ಹಚ್ಚಿದ್ದು?"

"ನಾನೇರಿ."

"ಹಂಗಾರ ನಿನಗ ಗೊತ್ತಿರಬೇಕು. ಆಕಿ ಹೊಲ ಸೋಮವಾರ ಒಣಗ್ತದ, ಅದು ಯಾಕಂತ ನನಗ ತಿಳಿತು. ಬುಧವಾರ, ಶುಕ್ರವಾರ ಯಾಕ ಒಣಗ್ತದ? ಅಕ್ಕ ಬೆಳಿ ಒಣಗಿಸೋ ಪೈಕಿ ಅಲ್ಲ. ಎಂಥಾ ಬ್ಯಾಸಿಗ್ಯಾಗೂ ಆಕಿ ಹೊಲ ಒಣಗಿಲ್ಲ." ಕೊನೆಯ ಮಾತಿನಲ್ಲಿ ಹಳೆಯ ಉರಿ ಇತ್ತು.

ನಾನು ಹೇಳಬೇಕೋ ಬೇಡವೋ ಎಂದು ಯೋಚಿಸಲಿಲ್ಲ. ಅಷ್ಟು ಯೋಚಿಸುವವನಾಗಿದ್ದರೆ ನನ್ನ ಅರ್ಧ ಗಿರಾಕಿಗಳು ನನ್ನನ್ನು ಬಿಟ್ಟು ಹೋಗುತ್ತಿರಲಿಲ್ಲ.

"ಕರೆಂಟ್ ಬಂದ್ ಕೂಡ್ಲೆ ಮೊದಲ ನಿಮ್ಮ ಹೊಲಕ್ಕ ಹಾಕ್ತಾರ್ರಿ. ಕೊಡದ್ಲೆ, ಒಂದೊಂದು ಗಿಡಕ್ಕ. ಅದು ಮುಗಿಯೋದ್ರಾಗ ಕರೆಂಟ್ ಹೋಗ್ತದ. ಅವರದು ಒಣಗ್ತದ. ತಮ್ಮದು ಮೊದಲ ಹಾಕ್ಕೊಂಡದ್ದು ಒಂದಿನಾನೂ ನಾ ನೋಡಿಲ್ಲ."

ಬಾಳಮ್ಮ ನನ್ನನ್ನು ಬಿಟ್ಟು ರೂಟರಿನ ಕಡೆ ನೋಡಿದರು. ಅದರ ಹಸಿರು ದೀಪ ಮಿಣುಕುತ್ತಿತ್ತು. ಒಳಗೆ ಹೋದರು. ದೀಪ್ತಿ ನನಗೆ ಚಹಾ ತಂದುಕೊಟ್ಟಳು. ಚಹಾ ಮುಗಿಯುವಷ್ಟರಲ್ಲಿ ಬಾಳಮ್ಮ ಸೀರೆ ಬದಲಿಸಿ, ಕೈಯಲ್ಲಿ ಚೀಲ ಹಿಡಿದು ಬಂದರು. "ನಡಿ, ನಾನೂ ಬರ್ತೀನಿ" ಎಂದರು.

ಜಹೀರಾಬಾದಿನ ತನಕ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ಜಹೀರಾಬಾದಿನಲ್ಲಿ ತಾಂಡೂರಿನ ಬಸ್ಸು ನಿಂತದ್ದು ನೋಡಿ ಬಾಳಮ್ಮ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟರು.

"ನಾ ವಾಪಸ್ ಹೋಗ್ತೀನಿ. ಹೋಗಿ ಏನಂತ ನಿಲ್ಲಲಿ ಆಕಿ ಮುಂದ? ಕರೆದಿಲ್ಲ, ಹೇಳಿಕಳಿಸಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಹೋಗ್ರಿ. ಅಕ್ಕತಂಗಿ ಇಬ್ಬರೂ ಕೊಡಾ ಹಿಡಕೊಂಡು ಸಾಯ್ರಿ. ಡಬ್ಬಿ ಕೆಟ್ರ ಮಾತ್ರ ನನಗ ಕರೀಬ್ಯಾಡ್ರಿ!" ಎಂದು ನನ್ನ ಚೀಲ ಹೆಗಲಿಗೆ ಹಾಕಿ ಬಸ್ ಹತ್ತಿದೆ. ಸೀಟಿನಲ್ಲಿ ಕೂತು ನೋಡಿದರೆ ಅವರು ಹಿಂದೆಯೇ ಹತ್ತುತ್ತಿದ್ದರು. "ನಮ್ಮ ಮಾವನೂ ಹಿಂಗೇ ಒದರ್ತಿದ್ದ" ಎಂದು ನನ್ನ ಪಕ್ಕವೇ ಕೂತರು.

ತಾಂಡೂರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಸುಗಲಾಬಾಯಿ ಅಂಗಳದಲ್ಲಿ ತೊಗರಿ ಕೇರುತ್ತ ಕೂತಿದ್ದರು. ಮೊದಲು ನನ್ನನ್ನು ನೋಡಿ "ಹಚ್ಚಿದಿ ಏನು? ಎತ್ತರಕ್ಕ..." ಎಂದವರು ಅಲ್ಲಿಗೇ ನಿಂತರು. ಮೊರ ಕೆಳಗಿಟ್ಟು ಎದ್ದು ಒಳಗೆ ಓಡಿದರು. ಬಾಳಮ್ಮ ನನ್ನ ಮುಖ ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೇ ಎಂದು ನಾನೂ ಒಳಗೆ ಇಣುಕಿದೆ.

ಸುಗಲಾಬಾಯಿ ತಂಬಿಗೆ ತುಂಬ ನೀರು ಹಿಡಿದು ಬಂದರು. ಬಂದವರಿಗೆ ಕಾಲಿಗೆ ನೀರು ಕೊಡುವುದು ಎಲ್ಲರ ಮನೆಯ ಪದ್ಧತಿ. ತಂಬಿಗೆ ಕೊಡುತ್ತಾರೆ, ಬಂದವರು ತಾವೇ ಹಾಕಿಕೊಳ್ಳುತ್ತಾರೆ. ಬಾಳಮ್ಮ ಕೈ ಚಾಚಿದರು. ಸುಗಲಾಬಾಯಿ ಕೊಡದೆ ಬಗ್ಗಿದರು.

"ಅಕ್ಕಾ, ಏನ್ ಮಾಡ್ತಿ? ನೀ ಹಿರಿಯಾಕಿ. ತಾ ಇಲ್ಲಿ, ನಾ ಹಾಕ್ಕೋತೀನಿ," ಎಂದರು ಬಾಳಮ್ಮ. ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದೇ.

ಸುಗಲಾಬಾಯಿ ತಂಬಿಗೆ ಬಿಡಲಿಲ್ಲ. ಬದುವಿನಾಚೆ ಕೇಳುವ ಆ ದನಿ ಆವತ್ತು ಎರಡು ಮಾರು ದೂರ ನಿಂತ ನನಗೇ ಸರಿಯಾಗಿ ಕೇಳಲಿಲ್ಲ.

"ನಿನ್ನ ಪಾಳಿ ಬಂದದ, ಬಾಳೀ. ಕಾಲ ಮುಂದ ಮಾಡು."

ಬಾಳಮ್ಮ ಚಪ್ಪಲಿ ಕಳೆದು ಕಾಲು ಮುಂದೆ ಮಾಡಿದರು.